ಹಾಸಿನ ಓಣ್ಯಾಗ ಫಟಫಟಿ

ಫಟಫಟಿ ಇದ್ದ ಹುಡುಗನ ಹಿಂದ ಹುಡುಗ್ಯಾರು ತಾವಾಗೇ ಬರ್ತಾರ ಅಂತ ಯಾರರ ನನ್ನ ಮುಂದ ಅಂದ್ರ, ಇಷ್ಟು ವಯಸ್ಸಾದ ಮ್ಯಾಲೂ ನನಗ ಸಿಟ್ಟು ನೆತ್ತಿಗೇರತೈತಿ. ಬರ್ತಾರೋ, ಬರೂದಿಲ್ಲೋ, ಬಂದಾಕಿನೂ ಹೋಗ್ತಾಳೋ, ಅದನ್ನ ನನ್ನ ಕೇಳ್ರಿ. ಸಂಸ್ಥಾನಗಳು ಹೋಗಿ ಮುಂಬೈ ಸರಕಾರ ಬಂದ ಹೊಸದರಾಗ ಬನಹಟ್ಟ್ಯಾಗ ಸ್ವಂತ ಫಟಫಟಿ ಇದ್ದ ಪ್ರಾಯದ ಹುಡುಗ ಅಂದ್ರ ನಾ ಒಬ್ಬನ. ಆ ಗಾಡಿ ಬರೂದಕ್ಕಿಂತ ಮೊದಲ ನನಗ ಒಬ್ಬಾಕಿ ಇದ್ಲು. ಅದು ಬಂದ ಮ್ಯಾಲ ಗಾಡಿ ಅಷ್ಟ ಉಳೀತು.

ನಾವು ನೇಕಾರರು. ನಾ ಹುಟ್ಟಿ ಬೆಳದದ್ದು ಮಗ್ಗದ ಸಪ್ಪಳದಾಗ. ನನಗ ಹದಿನಾಕು ವರ್ಷ ಆದಾಗ ಅಪ್ಪ ನೇಯೂದು ಬಿಟ್ಟು ನೂಲಿನ ವ್ಯಾಪಾರಕ್ಕ ಇಳದ. ಮಗ್ಗ ಬಿಚ್ಚಿ, ಕಾಲು ಇಳಿಬಿಡೋ ಕುಣಿಗೆ ಮಣ್ಣು ತುಂಬಿ, ಮ್ಯಾಲ ಸಗಣಿ ಸಾರಿಸಿ ಅಲ್ಲೇ ನೂಲಿನ ಗಂಟು ಒಟ್ಟಿದ್ರು. ನೇಕಾರರ ಮನಿಮನಿಗೆ ನೂಲು ಮುಟ್ಟಸೂ ಕೆಲಸ ನನ್ನ ಪಾಲಿಗೆ ಬಂತು. ಹೆಗಲ ಮ್ಯಾಲ ಗಂಟು ಹೊತ್ತು ಬನಹಟ್ಟಿ, ರಬಕವಿ ಎರಡೂ ಊರಿನ ಓಣಿ ಓಣಿ ತಿರುಗತಿದ್ದೆ.

ಅಕಿ ಮನಿ ಇದ್ದದ್ದು ಹಾಸಿನ ಓಣಿಯ ಕಡೀಕ. ಹಾಸು ಅಂದ್ರ ಸೀರಿಯ ಉದ್ದಕ್ಕ ಬರೂ ಎಳಿಗಳು. ಅವನ್ನ ಮಗ್ಗಕ್ಕ ಏರಿಸೂಕಿಂತ ಮೊದಲ ಓಣಿಯ ಉದ್ದಕ್ಕ ಚಾಚಿ ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಸಬೇಕು. ಬಿಸಲು ಏರೂದರಾಗ ಕೆಲಸ ಮುಗೀಬೇಕು. ಹಂಗಾಗಿ ನಮ್ಮ ಕಡೆ ಒಂದು ರೂಢಿ ಐತಿ. ಹಾಸು ಹರವಿದ ಓಣ್ಯಾಗ ಯಾರೂ ಏನರ ಏರಿಕೊಂಡು ಹೋಗೂದಿಲ್ಲ. ಸೈಕಲ್ಲಿದ್ರೂ ಇಳೀಬೇಕು, ಚಕ್ಕಡಿ ಇದ್ರ ಸುತ್ತು ಹಾಕಬೇಕು. ಗೋಡೆ ಹಿಡಕೊಂಡು ನಡಕೋಂತ ಹೋಗಬೇಕು. ಕೈ ಖಾಲಿ ಇದ್ದಾಂವ ಎರಡು ನಿಮಿಷ ನಿಂತು ಹರದ ಎಳಿ ಕಂಡ್ರ ಗಂಟು ಹಾಕಿ ಮುಂದ ಹೋಗಬೇಕು. ಯಾರ ಹಾಸು ಅಂತ ಕೇಳೂದಿಲ್ಲ. ಇವತ್ತು ಅವರದು, ನಾಳೆ ನಿಮ್ಮದು, ಅಷ್ಟ.

ಅಕೀದು ತಾಯಿ ಇಲ್ಲದ ಮನಿ. ಅಪ್ಪ, ಮಗಳು, ಒಂದು ಮಗ್ಗ. ನೇಯೂದು ಅಪ್ಪ, ಹಾಸಿನ ಕೆಲಸ ಎಲ್ಲಾ ಅಕೀದ. ಅಪ್ಪನ ಮೊಣಕಾಲು ಹಿಡಕೊಂಡ ದಿನ ಕುಣ್ಯಾಗೂ ಅಕಿನೇ ಕುಂಡ್ರತಿದ್ಲು. ನಾ ನೂಲು ಕೊಡಾಕ ಹೋದಾಗ ಗಂಟನ್ನ ಮನಿ ಮುಂದಿನ ಕಟ್ಟಿ ಮ್ಯಾಲ ಇಟ್ಟು ಹಾಸಿನ ಈ ಕಡೆ ನಿಲ್ಲತಿದ್ದೆ. ಅಕಿ ಆ ಕಡೆ. ನಡುವ ಮೊಳ ಅಗಲದ ಬಿಳೀ ಎಳಿ. ಕೈಗೆ ಕೆಲಸ ಇದ್ದಾಗ ಯಾರೂ ಏನೂ ಅನ್ನೂದಿಲ್ಲ ನೋಡ್ರಿ. ಎದರಾಬದರ ನಿಂತು ಒಂದು ತಾಸು ಮಾತಾಡಿದ್ರೂ ನೋಡಾವರಿಗೆ ಅದು ಕೆಲಸಾನ.

ಮಾತು ಅಂದ್ರ ದೊಡ್ಡ ಮಾತಲ್ಲ. ಹರದ ಎಳಿಗೆ ನಾ ಹಾಕೂ ಗಂಟು ದಪ್ಪ ಆಗತಿದ್ವು, ಅದಕ್ಕ ಬೈಸಿಕೊಳ್ಳತಿದ್ದೆ. ಗಂಟು ದಪ್ಪ ಆದ್ರ ಮಗ್ಗದ ಫಣ್ಯಾಗ, ಅಂದ್ರ ಎಳಿ ಹಾಯೋ ಬಾಚಣಿಕ್ಯಾಗ, ಸಿಕ್ಕು ಎಳಿ ಮತ್ತ ಹರೀತೈತಿ. ನೂಲು ಮಾರಾವನ ಮಗ ಆದ ಮ್ಯಾಲ ನಿನ್ನ ಬೆರಳೂ ದಪ್ಪ ಆದ್ವು ಅಂತ ಅಕಿ ನಗತಿದ್ಲು. ನಾ ಕಟ್ಟಿದ್ದನ್ನ ಉಗುರಿಲೆ ಬಿಚ್ಚಿ, ಮತ್ತ ಕಟ್ಟು ಅಂತ ಹಂಗ ಬಿಡತಿದ್ಲು. ನಾ ಮತ್ತ ಕಟ್ಟತಿದ್ದೆ. ಒಂದು ವರ್ಷ ಹಿಂಗ ನಡೀತು. ನಾ ಹೋದಾಗೆಲ್ಲ ನನ್ನ ಕಡೆ ನಾಕೈದು ಎಳಿ ಹರದ ಇರತಿದ್ವು. ಅವು ತಾವ ಹರದಿದ್ವು ಅಂತ ನಾ ತಿಳದಿದ್ದೆ. ಮನಸಿನ ಮಾತು ಬಾಯಿ ಬಿಟ್ಟು ಹೇಳಲಿಲ್ಲ. ಹೇಳೂದೇನೈತಿ, ಅಕಿ ಎಲ್ಲಿ ಹೋಗತಾಳ, ನಾ ಎಲ್ಲಿ ಹೋಗತೇನಿ ಅಂತ ಸುಮ್ಮನಿದ್ದೆ.

ಈ ಸುಮ್ಮನಿದ್ದದ್ದನ್ನ ಕೆಡಿಸಿದಾಂವ ಜಮಖಂಡ್ಯಾಗಿನ ನನ್ನ ಗೆಳೆಯ. ಅರಿವಿ ಅಂಗಡಿಯವರ ಮಗ. ತಲಿಗೆ ಎಣ್ಣಿ ಹಚ್ಚಿ ಹಿಂದಕ್ಕ ಬಾಚಿಕೊಂಡು, ಪ್ಯಾಟ್ಯಾಗಿನ ಚಹಾದ ಅಂಗಡ್ಯಾಗ ಕುಂತು ಊರಿಗೆಲ್ಲಾ ಬುದ್ಧಿ ಹೇಳೂ ಕುಳ. ನಾ ಒಂದು ದಿನ ಅಕಿ ಸುದ್ದಿ ಅವನ ಮುಂದ ಬಿಚ್ಚಿದೆ. ಅಂವ ಗೊಳ್ಳಂತ ನಕ್ಕ. ಹೆಗಲಿಗೆ ಗಂಟು ಹೊತ್ತು ಬರಿಗಾಲಲೆ ತಿರುಗಾಂವ ಹಮಾಲ ಕಾಣತಾನ, ವರ ಕಾಣೂದಿಲ್ಲ ಅಂದ. ಒಂದು ಫಟಫಟಿ ಇರಲಿ, ಹುಡುಗಿ ತಾನ ಹೊಚ್ಚಲ ದಾಟಿ ಹೊರಗ ಬರತಾಳ, ಬರಲಿಲ್ಲ ಅಂದ್ರ ನನ್ನ ಮೀಸಿ ಬೋಳಸ್ತೇನಿ ಅಂತ ಆಣಿ ಮಾಡಿದ. ಅವನ ಮೀಸಿ ಕಡೀತನಕ ಅವನ ಮಾರಿ ಮ್ಯಾಲ ಇತ್ತು. ಯಾಕಂದ್ರ ಅಂವ ಹೇಳಿದ ಹಂಗ ಅಕಿ ಹೊರಗ ಬಂದದ್ದು ಖರೆ.

ಬೆಳಗಾವ್ಯಾಗಿದ್ದ ನನ್ನ ಸೋದರಮಾವನ ಕಡಿಂದ, ಮಿಲ್ಟ್ರಿಯವರು ಹರಾಜಿಗೆ ಹಾಕಿದ ಹಳೀ ಮೋಟರ್ ಸೈಕಲ್ಲು ಒಂದು ಬಂತು. ಹಸರು ಬಣ್ಣ ಅಲ್ಲಲ್ಲಿ ಎದ್ದಿತ್ತು. ಅಪ್ಪಗ ನೂಲು ಲಗೂನ ಮುಟ್ಟತೈತಿ ಅಂತ ಹೇಳಿ ಒಪ್ಪಿಸಿದೆ. ಚಿಮ್ಮಡದ ಹಾದ್ಯಾಗ ಕಲತೆ. ಮೊದಲ ವಾರ ಎರಡು ಸಲ ಮಂದಿ ಜ್ವಾಳದ ಹೊಲದಾಗ ಹೊಕ್ಕೆ. ಹೊಲದಾವರು ಬೈಲಿಲ್ಲ, ಗಾಡಿ ನೋಡಕೋಂತ ನಿಂತ್ರು. ಆಮ್ಯಾಲ ಕಪ್ಪ ಚಸ್ಮಾ ಬಂತು, ಇಸ್ತ್ರಿ ಪ್ಯಾಂಟು ಬಂತು, ಕಾಲಿಗೆ ಬೂಟು ಬಂತು.

ಈಗ ಖರೆ ಹೇಳತೇನಿ ಕೇಳ್ರಿ. ಫಟಫಟಿಗೆ ಮಂದಿ ಸೇರತಿತ್ತು, ಆದರ ಎಲ್ಲಾ ಗಂಡಸರ. ಮುಧೋಳದ ಸಂತ್ಯಾಗ ನಿಲ್ಲಿಸಿದ್ರ ಮುದುಕರು ಬಂದು ಟಾಯರ ಒತ್ತಿ ನೋಡತಿದ್ರು. ಹೆಣ್ಣಮಕ್ಕಳು ದೂರದಿಂದನ ಸೆರಗು ಮೂಗಿಗೆ ಹಿಡಕೊಂಡು ಗೋಡೆ ಕಡೆ ಹೊಳ್ಳತಿದ್ರು. ಗಲಗಲ್ಯಾಗ ಹೊಳಿ ದಂಡಿಗೆ ಇಳದಾಗ, ಕೊಡ ಹೊತ್ತಾವರು ನನಗ ಬೆನ್ನು ಮಾಡಿ ಸಾಲಾಗಿ ನಿಂತ್ರು. ನಾ ಅದನ್ನ ನಾಚಿಕಿ ಅನಕೊಂಡೆ. ದೂಳು ನೀರಾಗ ಬೀಳಬಾರದಂತ ಕೊಡಕ್ಕ ಅಡ್ಡ ನಿಂತಿದ್ರು ಅನ್ನೂದು ಯಾಂವಗ ಗೊತ್ತಿತ್ತು? ಆ ಗಾಡಿ ಮ್ಯಾಲ ನನ್ನ ಹಿಂದ ಕುಂತ ಹೆಣ್ಣಮಗಳು ಅಂದ್ರ ಒಬ್ಬಾಕಿನ, ಬೀಳಗಿಯ ನನ್ನ ಅತ್ತಿ. ಜ್ವರ ಬಂದಿತ್ತು, ಜಮಖಂಡಿ ಡಾಕ್ಟರ ಕಡೆ ಒಯ್ಯಬೇಕಾಗಿತ್ತು. ದಾರಿ ಉದ್ದಕ್ಕೂ ನನ್ನ ಅಂಗಿ ಹಿಡಕೊಂಡು, ನನ್ನನ್ನ ಹಡದಾಕಿನ್ನ ಬೈಕೋಂತ ಬಂದ್ಲು.

ಆದರ ನನಗ ಊರ ಹೆಣ್ಣಮಕ್ಕಳು ಬೇಕಾಗಿದ್ದಿಲ್ಲ. ಬೇಕಾದಾಕಿ ಒಬ್ಬಾಕಿ ಇದ್ಲು, ಅಕಿ ಹೊರಗ ಬರತಿದ್ಲು. ಮುಂಜಾನೆ ನಾ ಓಣಿ ತಿರುವ್ಯಾಗ ಬರೂದ ತಡ, ಅಕಿ ಕೈಯಾಗ ಹೊದಿಯೂ ದುಪ್ಪಟಿ ಹಿಡಕೊಂಡು ಓಡಿ ಹೊಚ್ಚಲ ದಾಟತಿದ್ಲು. ಒಂದು ದಿನಾನೂ ತಪ್ಪಲಿಲ್ಲ. ನಾ ಹಾಸಿನ ಮ್ಯಾಲ ಗಾಡಿ ಹಾಯಿಸಲಿಲ್ಲರಿ, ಅಷ್ಟು ಬುದ್ಧಿ ಇತ್ತು. ಮೊಳ ದೂರ ಬಿಟ್ಟು, ಎದಿ ಸೆಟದು, ಕಣ್ಣು ಅಕಿ ಮ್ಯಾಲಿಟ್ಟು ಹೋಗತಿದ್ದೆ. ಇಳದ್ರ ಗಾಡಿ ಬಂದ್ ಮಾಡಬೇಕು, ಬಂದ್ ಮಾಡಿದ್ರ ಮತ್ತ ಒದ್ದು ಒದ್ದು ಸುರು ಮಾಡೂದರಾಗ ಬೆವರು ಇಳೀತಿತ್ತು. ಅಕಿ ಮುಂದ ಆ ಫಜೀತಿ ಬ್ಯಾಡ ಅಂತ ಇಳೀತಿದ್ದಿಲ್ಲ. ನೂಲಿನ ಗಂಟನ್ನ ಕುಂತಲ್ಲಿಂದನ ಕಟ್ಟಿ ಮ್ಯಾಲ ಒಗದು ಹೋಗತಿದ್ದೆ. ಅಕಿ ದುಪ್ಪಟಿ ಚಾಚಿ ಹಿಡಕೊಂಡು ನನ್ನನ್ನ ನೋಡತಿದ್ಲು. ಏನೋ ಹೇಳಬೇಕಂದಂಗ ತುಟಿ ಆಡತಿದ್ವು, ಗಾಡಿ ಸಪ್ಪಳದಾಗ ಏನೂ ಕೇಳತಿದ್ದಿಲ್ಲ.

ಗೆಳೆಯಗ ಹೇಳಿದೆ. ದುಪ್ಪಟಿ ಝಾಡಿಸೂ ನೆವ ಮಾಡಕೊಂಡು ನಿನ್ನ ನೋಡಾಕ ಬರತಾಳ, ಮಾತು ಮುಗೀತು, ಅವ್ವನ್ನ ಕಳಸು ಅಂದ. ಅವನ ಮಾತು ನನಗ ಸಕ್ಕರಿ ಆತು. ಮತ್ತಷ್ಟು ಜೋರಲೆ ಓಡಿಸಿದೆ. ಮುಂಜಾನೆ ಒಂದು ಸಲ ಹೋಗಾಂವ ಎರಡು ಸಲ ಹೋಗಾಕ ಹತ್ತಿದೆ.

ಹಿಂಗ ಸುಮಾರು ಆರು ತಿಂಗಳ ಆದ ಮ್ಯಾಲ ಅವ್ವನ್ನ ಕಳಸಿದೆ. ಅವ್ವ ಇಲಕಲ್ಲ ಸೀರಿ ಉಟ್ಟು, ಅರಿವ್ಯಾಗ ಸಕ್ಕರಿ ಕಟ್ಟಿಕೊಂಡು ಹೋದ್ಲು. ಮಾತು ಕೂಡಿದ್ರ ಅಲ್ಲೇ ಬಾಯಿ ಸಿಹಿ ಮಾಡೂದಿತ್ತು. ನಾ ಮನ್ಯಾಗ ನಿಂತಲ್ಲಿ ನಿಲ್ಲಲಿಲ್ಲ. ಅವ್ವ ತಿರುಗಿ ಬಂದಾಗ ಸಕ್ಕರಿ ಗಂಟು ಬಿಚ್ಚಿದ್ದಿಲ್ಲ.

ಒಳಗ ಹೋಗಿ ನೀರು ಕುಡದು ಬಂದು ಹೇಳಿದ್ಲು. ಅಕಿ ಅಪ್ಪ ಭಾಳ ಮರ್ಯಾದಿಲೆ ಮಾತಾಡಿಸಿದ್ನಂತ. ಮನಿತನ ಗೊತ್ತಿದ್ದದ್ದು, ಹುಡುಗಾನೂ ಕೆಟ್ಟಾಂವಲ್ಲ ಅಂದ್ನಂತ. ಆಮ್ಯಾಲ ಒಂದ ಮಾತು ಹೇಳಿದ್ನಂತ.

"ನಿಮ್ಮ ಹುಡುಗ ಇಳಿಯೂದಿಲ್ರಿ, ಅಕ್ಕಾರ."

ಎಲ್ಲಿಂದ ಇಳಿಯೂದಿಲ್ಲ ಅಂತ ನಾ ಕೇಳಿದೆ. ಖರೇನ ತಿಳೀಲಿಲ್ಲ. ಅವ್ವ ಗೋಡೆಗೆ ಒರಗಿಸಿದ್ದ ಫಟಫಟಿ ನೋಡಿದ್ಲು, ನನ್ನ ನೋಡಿದ್ಲು. ನೀ ಸಣ್ಣಾವಿದ್ದಾಗ ನಿಮ್ಮಪ್ಪನ ಹಸಿ ಹಾಸು ಓಣ್ಯಾಗಿದ್ದಾಗ ದನಾ ಬಂದ್ರ ನಾ ಏನ ಮಾಡತಿದ್ನಿ, ನೆನಪೈತೇನು ಅಂತ ಕೇಳಿದ್ಲು.

ನೆನಪಿತ್ತು. ದನದ ಕಾಲಿನ ದೂಳು ಗಂಜಿ ಹಚ್ಚಿದ ಎಳಿಗೆ ಮೆತ್ತಬಾರದಂತ ಅವ್ವ ಹಾಸಿಗಿ ಮ್ಯಾಲಿನ ದುಪ್ಪಟಿ ಕಿತ್ತುಕೊಂಡು ಹೊರಗ ಓಡತಿದ್ಲು. ಅದನ್ನ ಹಾಸಿನ ಮುಂದ ಅಡ್ಡ ಹಿಡಕೊಂಡು ದನಾ ದಾಟೂತನಕ ನಿಲ್ಲತಿದ್ಲು. ಒಮ್ಮೊಮ್ಮೆ ನಾನೂ ಒಂದು ತುದಿ ಹಿಡೀತಿದ್ದೆ.

ನಾ ಅಲ್ಲೇ ನೆಲದ ಮ್ಯಾಲ ಕುಂತೆ, ನಮ್ಮ ಮುಚ್ಚಿದ ಕುಣಿ ಮ್ಯಾಲ. ನೇಕಾರನ ಹೊಟ್ಯಾಗ ಹುಟ್ಟಿದಾಂವ ನಾ. ಬ್ಯಾರೆ ಊರಾಂವ, ಒಕ್ಕಲಿಗರ ಹುಡುಗ ತಿಳೀದ ಮಾಡಿದ್ರ ಒಂದು ಮಾತು. ದಿನಾ ಮುಂಜಾನೆ ಅಕಿ ದುಪ್ಪಟಿ ಹಿಡಕೊಂಡು ಓಡಿ ಬಂದದ್ದು ನನ್ನನ್ನ ನೋಡಾಕಲ್ಲ, ನನ್ನ ದೂಳಿನಿಂದ ತನ್ನ ಹಾಸು ಉಳಿಸಿಕೊಳ್ಳಾಕ. ನಾ ಅದನ್ನ ನೋಡಿ ಮೀಸಿ ತೀಡಿಕೊಂಡಿದ್ದೆ. ಕಣ್ಣಿದ್ದೂ ಕುರುಡ ಅಂದ್ರ ಇದ.

ಮರುದಿನ ಬೂಟು ಬಿಟ್ಟು, ಚಸ್ಮಾ ಬಿಟ್ಟು, ಹೆಗಲಿಗೆ ನೂಲಿನ ಗಂಟು ಹಾಕಿಕೊಂಡು ನಡಕೋಂತ ಹೋದೆ. ಅಕಿ ಹಾಸಿನ ಆ ಕಡೆ ನಿಂತಿದ್ಲು. ನಾ ಈ ಕಡೆ ನಿಂತೆ. ನನ್ನ ಕಾಲು ನೋಡಿದ್ಲು, ಆಮ್ಯಾಲ ನನ್ನ ಮಾರಿ ನೋಡಿದ್ಲು. ನಾ ಹರದ ಎಳಿ ಹುಡುಕಿದೆ. ಈ ತುದಿಯಿಂದ ಆ ತುದಿತನಕ ಬೆರಳಾಡಿಸಿದೆ. ಒಂದೂ ಸಿಗಲಿಲ್ಲ.

ಅಕಿ ಕೆಲಸ ಬಿಡಲಿಲ್ಲ. ಕುಂಚ ಆಡಿಸಕೋಂತ, ತಲಿ ಎತ್ತದ, ಸಣ್ಣ ದನಿಲೆ ಹೇಳಿದ್ಲು. ಮೊದಲ ನಾ ಬರೂ ದಿನಾ ತಾನ ನಾಕೈದು ಎಳಿ ಕಟ್ಟದ ಬಿಡತಿದ್ಲಂತ, ನನಗ ನಿಲ್ಲಾಕ ಒಂದು ನೆವ ಇರಲಿ ಅಂತ. ಅಪ್ಪ ನೋಡಿ ಸುಮ್ಮನಿರತಿದ್ನಂತ. ಗಾಡಿ ಬಂದ ಮ್ಯಾಲ ನನ್ನ ದೂಳು ಕುಂತ ಹಾಸು ಮಗ್ಗಕ್ಕ ಏರಿದ್ರ ದಿನಾ ಹತ್ತಾರು ಎಳಿ ಹರದು, ಮೊಣಕಾಲು ನೋವಿನ ಅಪ್ಪ ಕುಣ್ಯಾಗ ಬಗ್ಗಿ ಬಗ್ಗಿ ಗಂಟು ಹಾಕತಿದ್ನಂತ. ಅಷ್ಟಾದ್ರೂ ಅಪ್ಪ ಒಂದು ಮಾತು ಅನಲಿಲ್ಲ, ಮಗಳು ಏನಂತಾಳೋ ಅಂತ ಕಾದಿದ್ನಂತ.

"ಗಾಡಿ ಬಂದ ಮ್ಯಾಲೂ ಎರಡು ತಿಂಗಳ ಎಳಿ ಹಂಗ ಬಿಟ್ಟಿದ್ನಿ," ಅಂದ್ಲು, "ನೀ ಇವತ್ತ ಇಳೀತಿ, ನಾಳೆ ಇಳೀತಿ ಅಂತ."

"ಈಗ ಇಳದೇನಲ್ಲ," ಅಂದೆ.

ಅಕಿ ಕುಂಚ ನಿಲ್ಲಿಸಿದ್ಲು. ಕಣ್ಣಾಗ ನೀರು ತುಂಬಿದ್ವು, ಆದರ ದನಿ ಗಟ್ಟಿ ಇತ್ತು. "ಈಗ ಎಲ್ಲಾ ಕಟ್ಟಿ ಆತು," ಅಂದ್ಲು.

ಕಟ್ಟಿದಾಂವ ರಬಕವಿಯ ಒಬ್ಬ ನೇಕಾರ. ಎತ್ತಿನ ಹಂಗ ಗಟ್ಟಿ ಮೈಯಾಂವಲ್ಲ, ರೂಪದಾಗ ನನ್ನ ಕೆಳಗಿನಾಂವನ. ಅವನ ಕಡೆ ಒಂದು ಹಳೀ ಸೈಕಲ್ಲಿತ್ತು, ಚೈನು ಕರಕರ ಅನ್ನೂದು. ಈ ಓಣ್ಯಾಗ ಅವನ ಅಕ್ಕನ ಮನಿ ಇತ್ತು, ಅಲ್ಲಿಗೆ ಬರತಿದ್ದ. ಓಣಿ ಬಾಯಾಗ ಇಳದು, ಸೈಕಲ್ಲು ಗೋಡೆಗೆ ಒರಗಿಸಿ, ಕಣ್ಣಿಗೆ ಬಿದ್ದ ಎಳಿ ಕಟ್ಟಿ ಹೋಗತಿದ್ದ. ಮೊದಲ ದಿನ ನನ್ನ ಸಲುವಾಗಿ ಬಿಟ್ಟ ಎಳೀನ ಅಂವ ಕಟ್ಟಿದ್ದ. ಬ್ಯಾಡ ಅನ್ನಾಕ ಅಕಿಗೆ ಕಾರಣ ಇದ್ದಿಲ್ಲ. ಅವ್ವ ಸಕ್ಕರಿ ಕಟ್ಟಿಕೊಂಡು ಹೋಗೂ ಹದಿನೈದು ದಿನ ಮೊದಲ ಅವರ ಮಾತು ಆಗಿತ್ತು. ಇದನ್ನೆಲ್ಲಾ ಅಕಿ ಹೇಳಿದ್ಲು. ಕಡೀಕ ಒಂದು ಮಾತು ಕೂಡಿಸಿದ್ಲು, ಹಂಗಿಸಾಕಲ್ಲ, ಇದ್ದದ್ದು ಹೇಳಿದ್ಲು ಅಷ್ಟ. ಅವನ ಗಂಟು ಸಣ್ಣ ಇರತಾವು ಅಂತ.

ನೂಲಿನ ಗಂಟು ಕಟ್ಟಿ ಮ್ಯಾಲ ಇಟ್ಟು ತಿರುಗಿ ಬಂದೆ. ಮನಿಗೆ ಹೋಗಲಿಲ್ಲ. ಚಿಮ್ಮಡದ ಹಾದ್ಯಾಗ ಮಧ್ಯಾಹ್ನದ ತನಕ ನಡದೆ. ಗಂಡಸು ಅಳಬಾರದು ಅಂತಾರಲ್ಲ, ಅಂದಾಂವಗ ಇಂಥಾ ಬೆಳಗು ಬಂದಿರಲಿಕ್ಕಿಲ್ಲ. ನಾ ಅತ್ತೆ.

ಇಷ್ಟಕ್ಕ ಮುಗದಿದ್ರ ಛಲೋ ಇತ್ತು. ಮದವಿಗೆ ಎಂಟು ದಿನ ಇದ್ದಾಗ ಅಕಿ ಅಪ್ಪ ನಮ್ಮ ಮನಿಗೆ ಬಂದ. ಕೈ ಮುಗದು, ಸಂಕೋಚದಿಂದ ಕೇಳಿದ. ಬೀಗರ ಕಡ್ಯಾವರಿಗೆ ಒಂದು ಆಸೆ ಹುಟ್ಟೇತಿ, ಮದಲಿಂಗನ್ನ ಕುದುರಿ ಬದಲಿ ಫಟಫಟಿ ಮ್ಯಾಲ ಮೆರವಣಿಗಿ ತರಬೇಕಂತ. ಸುತ್ತಮುತ್ತ ಫಟಫಟಿ ಅಂದ್ರ ನಿಂದ ಒಂದು, ಮನಸ್ಸಿಗೆ ಬ್ಯಾಸರ ಆಗೂದಾದ್ರ ಬ್ಯಾಡಪಾ ಅಂದ. ಆ ಮುದುಕನ ಮೊಣಕಾಲು ನೋಡಿದೆ. ಬಾಗಿಲದ ಚೌಕಟ್ಟು ಹಿಡಕೊಂಡು ನಿಂತಿದ್ದ. ಆತ್ರಿ, ತರತೇನಿ ಅಂದೆ. ಅಂವ ಹೋದ ಮ್ಯಾಲ ಅವ್ವ ನನ್ನ ತಲಿ ಮ್ಯಾಲ ಕೈಯಿಟ್ಟು ಒಳಗ ಹೋದ್ಲು.

ಮದವಿ ದಿನ ಮುಂಜಾನೆ ಮದಲಿಂಗನ್ನ ಹಿಂದ ಕುಂಡ್ರಿಸಿಕೊಂಡು ಗುಡಿಯಿಂದ ಹೊಂಟೆ. ತಲಿಗೆ ಪಟಕಾ, ಹಣಿಗೆ ಬಾಸಿಂಗ. ಅಂವಗ ಹೆದರಿಕಿ, ಎರಡೂ ಕೈಲೆ ನನ್ನ ಹೆಗಲು ಹಿಡಕೊಂಡಿದ್ದ. ಮುಂದ ಹಲಗಿ, ಸನಾದಿ, ಹಿಂದ ಮಂದಿ. ಊರಾಗ ಇಂಥಾ ಮೆರವಣಿಗಿ ಯಾರೂ ಕಂಡಿದ್ದಿಲ್ಲ. ಆ ದಿನ ಬನಹಟ್ಟಿಯ ಹೆಣ್ಣಮಕ್ಕಳೆಲ್ಲಾ ಮಾಳಿಗಿ ಏರಿ, ಕಿಡಕಿಗೆ ಬಂದು ನನ್ನ ಫಟಫಟಿ ನೋಡಿದ್ರು. ಗೆಳೆಯ ಹೇಳಿದ್ದ ಮಾತು ಅವತ್ತ ಖರೆ ಆತು. ಎಲ್ಲಾರೂ ಹೊರಗ ಬಂದಿದ್ರು.

ಓಣಿ ಬಾಯಿಗೆ ಬಂದಾಗ ನನ್ನ ಹೆಗಲ ಮ್ಯಾಲಿನ ಕೈ ಒತ್ತಿತು. "ನಿಲ್ಲಸ್ರಿ ಅಣ್ಣಾರ," ಅಂದ, "ಹಾಸು ಐತಿ."

ಬಾಜೂ ಮನಿಯವರದು. ರಾತ್ರಿ ನೆನೆಹಾಕಿದ ನೂಲು ಮದವಿ ಅಂತ ಕಾಯೂದಿಲ್ಲ, ನಸುಕಿನ್ಯಾಗ ಗಂಜಿ ಹಚ್ಚಿ ಹರವಿದ್ರು. ಮದಲಿಂಗ ಇಳದ. ಮದವಿ ದಿನಾನೂ ಇಳದ. ಹಲಗಿಯವರಿಗೆ ಸಾವಕಾಶ ಅಂತ ಕೈ ಮಾಡಿ, ಧೋತರ ಎತ್ತಿ ಹಿಡಕೊಂಡು ಗೋಡೆ ಬಾಜೂಕ ನಡದ. ನಾನೂ ಗಾಡಿ ಬಂದ್ ಮಾಡಿ ಇಳದು, ಹಾಸಿನ ಈ ಕಡೆಯಿಂದ ತಳ್ಳಿಕೋಂತ ನಡದೆ. ಅಷ್ಟು ಭಾರ ಐತಿ ಅಂತ ಅವತ್ತ ಗೊತ್ತಾತು.

ನಾಕು ಹೆಜ್ಜಿ ಹೋದ ಮ್ಯಾಲ ಅಂವ ನಿಂತ. ಹಾಸಿನ ಮ್ಯಾಲ ಬಗ್ಗಿದ. ಬಾಸಿಂಗ ಕಣ್ಣಿಗೆ ಅಡ್ಡ ಬಂತು, ಅದನ್ನ ಮ್ಯಾಲ ಸರಿಸಿ ಒಂದು ಎಳಿ ಕಟ್ಟಿದ. ಮೆರವಣಿಗಿ ಎಲ್ಲಾ ನಿಂತಿತ್ತು. ಆಮ್ಯಾಲ ನನ್ನ ಕಡೆ ನೋಡಿ, ನಿಮ್ಮ ಬಾಜೂಕೂ ಒಂದು ಹರದೈತಿ ನೋಡ್ರಿ ಅಂದ.

ಗಾಡಿ ಸ್ಟ್ಯಾಂಡಿಗೆ ಹಾಕಿದೆ. ಬೆರಳು ನಾಲಿಗಿಗೆ ಮುಟ್ಟಿಸಿ, ಎಳಿಯ ಎರಡೂ ತುದಿ ಕೂಡಿಸಿ ಹೊಸದೆ. ಉಗುರಿಲೆ ಎಳದು ನೋಡಿದೆ, ಗಂಟು ಇದ್ದದ್ದ ಗೊತ್ತಾಗದಷ್ಟು ಸಣ್ಣದಾಗಿತ್ತು. ನನ್ನ ಜೀವಮಾನದಾಗ ಅಂಥಾದ್ದು ನಾ ಕಟ್ಟಿದ್ದಿಲ್ಲ. ತೋರಸಬೇಕು ಅಂತ ತಲಿ ಎತ್ತಿದೆ. ಕಡೀ ಮನಿಯ ಕಿಡಕ್ಯಾಗ ಅಕಿ ಅರಿಷಿಣ ಮೈಲೆ, ಬಾಸಿಂಗ ಕಟ್ಟಿಕೊಂಡು ನಿಂತಿದ್ಲು. ಅಕಿ ಕಣ್ಣು ಹಾಸಿನ ಆ ಕಡೆ ನಿಂತಾಂವನ ಮ್ಯಾಲ ಇದ್ವು.